ಶೆಡ್ಡಿನೊಳಗೊಂದು ಷಡ್ಜ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದ ಬೆಂಗಳೂರಿಗೆ ಹೊರಟ ಬಸ್ಸು ರಾಜಧಾನಿಯನ್ನು ಹೊಗುವುದು ವಿಧಾನಸೌಧದ ಕಡೆಯಿಂದಲ್ಲ, ಲಾಲ್‌ಬಾಗಿನ ಕಡೆಯಿಂದಲೂ ಅಲ್ಲ. ನೆಲಮಂಗಲ ದಾಟಿದ ಮೇಲೆ ದಾಸರಹಳ್ಳಿ, ಜಾಲಹಳ್ಳಿ ಕ್ರಾಸ್, ಪೀಣ್ಯ, ಗೊರಗುಂಟೆಪಾಳ್ಯ. ಕಿಟಕಿಯ ಆಚೆ ಲೇತ್ ಮೆಷಿನ್ನು, ಪವರ್ ಪ್ರೆಸ್ಸು, ಪೌಡರ್ ಕೋಟಿಂಗು, ಗಾರ್ಮೆಂಟ್ಸಿನ ಬೋರ್ಡುಗಳು. ನಮ್ಮ ಹಾಸನ ಜಿಲ್ಲೆಯ ಎಷ್ಟೋ ಮನೆಗಳಿಗೆ ಮೊದಲ ಸಂಬಳ ಬಂದದ್ದು ಈ ಬೀದಿಗಳಿಂದ. ಹೋದವರು ಲಗ್ಗೆರೆಯಲ್ಲೋ ಹೆಗ್ಗನಹಳ್ಳಿಯಲ್ಲೋ ಸುಂಕದಕಟ್ಟೆಯಲ್ಲೋ ಬಾಡಿಗೆ ಮನೆ ಹಿಡಿದರು, ತಮ್ಮಂದಿರನ್ನು ಕರೆಸಿಕೊಂಡರು, ಊರಹಬ್ಬಕ್ಕೆ ರಜೆ ಹಾಕಿ ಬಂದು ಹೋದರು. ಪೀಣ್ಯದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಸುದ್ದಿ ಹೊಗೆಯದು, ಫ್ಲೈಓವರಿನದು, ಮುಚ್ಚಿದ ಸಣ್ಣ ಕೈಗಾರಿಕೆಗಳದು. ಆ ಬೀದಿಗಳಲ್ಲಿ ರಾತ್ರಿ ಸಂಗೀತ ನಡೆಯುತ್ತದೆ ಎಂಬುದು ಯಾರಿಗೂ ಸುದ್ದಿಯಲ್ಲ.

ನಡೆಯುತ್ತದೆ. ಪಾಳಿ ಮುಗಿದ ಮೇಲೆ, ಮುಖ ತೊಳೆದು, ಒಂದು ಟೀ ಕುಡಿದು, ಹತ್ತು ಹದಿನೈದು ಜನ ಒಂದು ಕಡೆ ಸೇರುತ್ತಾರೆ. ಅದು ಮಾಲೀಕರು ಪರಿಚಯದವರೆಂದು ಬಿಟ್ಟುಕೊಟ್ಟ ವರ್ಕ್‌ಶಾಪ್ ಇರಬಹುದು, ದೇವಸ್ಥಾನದ ಹಿಂದಿನ ಕೋಣೆ ಇರಬಹುದು, ಶಾಲೆಯ ಜಗಲಿ ಇರಬಹುದು. ಒಂದು ಜಮಖಾನ, ಒಂದು ಹಾರ್ಮೋನಿಯಂ, ಒಂದು ತಬಲಾ. ಬರಲಿರುವ ನಾಟಕದ ಹೆಸರು ಬಹುಪಾಲು ‘ಕುರುಕ್ಷೇತ್ರ’. ಕೃಷ್ಣನ ಪಾರ್ಟು ಹಾಕುವವರು ಹಗಲು ಸಿಎನ್‌ಸಿ ಮೆಷಿನ್ ನೋಡಿಕೊಳ್ಳುವವರು, ಭೀಮ ಲಾರಿ ಡ್ರೈವರ್, ಶಕುನಿ ಸೆಕ್ಯುರಿಟಿ ಗಾರ್ಡ್. ಹಾರ್ಮೋನಿಯಂ ಮೇಷ್ಟ್ರು ಪೆಟ್ಟಿಗೆಯ ಮೇಲೆ ಒಂದು ಬೆರಳಿಟ್ಟು ಮೊದಲು ಹೇಳುವ ಮಾತು ಎಲ್ಲ ಕಡೆ ಒಂದೇ: ‘ಮಾತು ಆಮೇಲೆ ಕಲಿಯೋಣ ಕಣಪ್ಪ, ಮೊದಲು ಶ್ರುತಿ ಹಿಡಿ.’

ಭೂಗತ ಸಂಗೀತ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಉದ್ದ ಕೂದಲು, ಕಪ್ಪು ಅಂಗಿ, ಎಲೆಕ್ಟ್ರಿಕ್ ಗಿಟಾರು. ಅದೂ ಈ ಲೇಖನದಲ್ಲಿ ಬರುತ್ತದೆ. ಆದರೆ ಕರ್ನಾಟಕದ ಕೈಗಾರಿಕಾ ಬೀದಿಗಳಲ್ಲಿ ಸಭಾಮಂದಿರವಿಲ್ಲದೆ, ಪ್ರಾಯೋಜಕರಿಲ್ಲದೆ, ವಿಮರ್ಶಕರ ಕಣ್ಣಿಗೆ ಬೀಳದೆ ದಶಕಗಳಿಂದ ಬಾಳಿದ ಸಂಗೀತ ಯಾವುದೆಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ತಾಲೀಮಿನ ಕೋಣೆಯನ್ನು.

ಈ ಪೌರಾಣಿಕ ನಾಟಕಗಳ ಲೆಕ್ಕಾಚಾರವೇ ಬೇರೆ. ಇಲ್ಲಿ ನಟರಿಗೆ ಸಂಭಾವನೆ ಇಲ್ಲ. ನಟರೇ ದುಡ್ಡು ಹಾಕಬೇಕು. ದೊಡ್ಡ ಪಾತ್ರಕ್ಕೆ ದೊಡ್ಡ ವಂತಿಗೆ, ಸಣ್ಣ ಪಾತ್ರಕ್ಕೆ ಸಣ್ಣದು. ಆ ದುಡ್ಡಿನಲ್ಲಿ ಮೇಷ್ಟ್ರ ಸಂಬಳ, ಡ್ರಾಮಾ ಸೀನರಿಯ ಬಾಡಿಗೆ, ಕಿರೀಟ ಭುಜಕೀರ್ತಿಗಳ ಬಾಡಿಗೆ, ಮೇಕಪ್, ಮೈಕ್‌ಸೆಟ್, ಸ್ತ್ರೀಪಾತ್ರಕ್ಕೆ ಬರುವ ವೃತ್ತಿ ಕಲಾವಿದೆಯರ ಸಂಭಾವನೆ ಎಲ್ಲ ಆಗಬೇಕು. ಹಾಡುವ ಆಸೆ ಇರುವವರು ಹೆಚ್ಚಿದ್ದರೆ ಒಂದೇ ನಾಟಕದಲ್ಲಿ ಇಬ್ಬರು ಮೂವರು ಕೃಷ್ಣರು. ಒಬ್ಬರು ಸಂಧಾನದ ದೃಶ್ಯಕ್ಕೆ, ಇನ್ನೊಬ್ಬರು ಯುದ್ಧರಂಗಕ್ಕೆ. ತಿಂಗಳುಗಟ್ಟಲೆ ತಾಲೀಮು ನಡೆದು, ಕೊನೆಗೆ ಒಂದು ರಾತ್ರಿ ಊರಿನ ಬಯಲಲ್ಲೋ ಹಾಸನದ ಕಲಾಭವನದಲ್ಲೋ ಬೆಂಗಳೂರಿನ ಗುಬ್ಬಿ ವೀರಣ್ಣ ರಂಗಮಂದಿರದಲ್ಲೋ ಪರದೆ ಮೇಲೇಳುತ್ತದೆ. ಕಂದಪದ್ಯವನ್ನು ತಾರಸ್ಥಾಯಿಗೆ ಎತ್ತಿ ನಿಲ್ಲಿಸಿದರೆ ‘ಒನ್ಸ್ ಮೋರ್’ ಕೂಗು. ನೆಂಟರು ವೇದಿಕೆಗೇ ಬಂದು ಹಾರ ಹಾಕಿ ನೋಟು ಸಿಕ್ಕಿಸುತ್ತಾರೆ. ಮೋಹನ, ಕಲ್ಯಾಣಿ, ಹಿಂದೋಳ, ಸಿಂಧುಭೈರವಿ ಎಂಬ ಹೆಸರುಗಳನ್ನು ಸಂಗೀತ ಶಾಲೆಯ ಮೆಟ್ಟಿಲೇ ಹತ್ತದ ಎಷ್ಟೋ ಕಾರ್ಮಿಕರು ಅರಿತದ್ದು ಈ ಜಮಖಾನದ ಮೇಲೆ.

ಒಂದು ಕಾಲಕ್ಕೆ ಗುಬ್ಬಿ ವೀರಣ್ಣನವರ ಕಂಪನಿ ಕುರುಕ್ಷೇತ್ರದ ರಂಗಕ್ಕೆ ಆನೆ ಕುದುರೆಗಳನ್ನೇ ತಂದಿತ್ತು. ಕಂಪನಿ ನಾಟಕಗಳ ಕಾಲ ಇಳಿದ ಮೇಲೆ ಅವುಗಳ ಸಂಗೀತ ಎಲ್ಲಿಗೆ ಹೋಯಿತು ಎಂದು ಕೇಳಿದರೆ ಬಹಳಷ್ಟು ಜನ ‘ಸಿನಿಮಾಕ್ಕೆ’ ಎನ್ನುತ್ತಾರೆ. ಅರ್ಧ ಸರಿ. ಉಳಿದರ್ಧ ಹಾಸನ, ಮಂಡ್ಯ, ತುಮಕೂರಿನ ಹಳ್ಳಿಗಳಿಗೆ ಹೋಯಿತು. ಅಲ್ಲಿಂದ ಕೆಲಸ ಹುಡುಕಿ ಹೊರಟವರ ಜೊತೆ ಬಸ್ಸು ಹತ್ತಿ ಕಾರ್ಖಾನೆ ಬೀದಿಗೆ ಬಂತು.

ಕಾರ್ಖಾನೆ ಬೀದಿಯೇ ಏಕೆ? ಬಾಡಿಗೆ ಕಡಿಮೆ ಎಂಬುದೊಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಅಕ್ಕಪಕ್ಕದ ಮನೆಯವರು. ಕೈಗಾರಿಕಾ ಪ್ರದೇಶದಲ್ಲಿ ಅವರು ಇಲ್ಲ.

2000ದ ಶಬ್ದ ಮಾಲಿನ್ಯ ನಿಯಮಗಳನ್ನು ತೆರೆದರೆ ಇದು ಅಂಕಿಗಳಲ್ಲೇ ಸಿಗುತ್ತದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ವಾಸದ ಪ್ರದೇಶದಲ್ಲಿ ಇರಬಹುದಾದ ಶಬ್ದದ ಮಿತಿ 45 ಡೆಸಿಬೆಲ್. ವಾಣಿಜ್ಯ ಪ್ರದೇಶದಲ್ಲಿ 55. ಕೈಗಾರಿಕಾ ಪ್ರದೇಶದಲ್ಲಿ 70. ಇಪ್ಪತ್ತೈದರ ವ್ಯತ್ಯಾಸ ಕೇಳಲು ಸಣ್ಣದೆನಿಸಬಹುದು. ಆದರೆ ಡೆಸಿಬೆಲ್ ಲೆಕ್ಕದಲ್ಲಿ ಪ್ರತಿ ಹತ್ತು ಹೆಚ್ಚಿದಾಗ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ. ಇಪ್ಪತ್ತೈದೆಂದರೆ ಮುನ್ನೂರು ಪಟ್ಟಿಗೂ ಹೆಚ್ಚು. ಬಯಲಲ್ಲಿ ಧ್ವನಿವರ್ಧಕಕ್ಕೆ ರಾತ್ರಿ ಹತ್ತರ ನಂತರ ಎಲ್ಲೆಡೆ ನಿಷೇಧ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಿಗೆಂದು ವರ್ಷಕ್ಕೆ ಹದಿನೈದು ದಿನಗಳ ಮಟ್ಟಿಗೆ ಮಧ್ಯರಾತ್ರಿಯವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಮುಚ್ಚಿದ ಸಭಾಂಗಣಗಳಿಗೆ ಆ ನಿಷೇಧವಿಲ್ಲ. ಅಂದರೆ, ನಾಲ್ಕು ಗೋಡೆ ಭದ್ರವಾಗಿರುವ ಒಂದು ಶೆಡ್ಡು, ಅದೂ ಕೈಗಾರಿಕಾ ವಸಾಹತಿನಲ್ಲಿ, ರಾತ್ರಿ ಸಂಗೀತಕ್ಕೆ ಇಡೀ ಊರಿನಲ್ಲಿ ಸಿಗಬಹುದಾದ ಅತ್ಯಂತ ಸೂಕ್ತ ಜಾಗ.

ಶೆಡ್ಡಿಗೆ ಬೇರೆ ಅನುಕೂಲಗಳೂ ಉಂಟು. ತ್ರೀ ಫೇಸ್ ವಿದ್ಯುತ್ ಮೊದಲೇ ಬಂದಿರುತ್ತದೆ, ಆಂಪ್ಲಿಫೈಯರುಗಳ ಲೋಡು ಹೊರಲು ಹೊಸ ಅರ್ಜಿ ಬೇಡ. ಚಾವಣಿ ಎತ್ತರ. ಸಾಮಾನು ಇಳಿಸಲು ಲಾರಿ ಬಾಗಿಲವರೆಗೆ ಬರುತ್ತದೆ. ತೊಂದರೆಗಳೂ ಇವೆ. ತಗಡಿನ ಮಾಡು, ಎದುರುಬದುರು ನಿಂತ ಬೋಳು ಗೋಡೆ, ಸಿಮೆಂಟಿನ ನೆಲ ಸೇರಿ ದನಿಯನ್ನು ಹಿಂದಕ್ಕೂ ಮುಂದಕ್ಕೂ ಎಸೆದಾಡುತ್ತವೆ. ಹಾಡಿನ ಸಾಹಿತ್ಯ ಕಲಸಿಹೋಗುತ್ತದೆ. ಇದಕ್ಕೆಂದು ಹುಡುಗರು ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವುದನ್ನು ಊರೂರಲ್ಲಿ ನೋಡಬಹುದು. ಮೊಟ್ಟೆ ಟ್ರೇ ಹೊರಗೆ ಹೋಗುವ ಶಬ್ದವನ್ನು ತಡೆಯುವುದಿಲ್ಲ. ಶಬ್ದವನ್ನು ತಡೆಯುವುದು ತೂಕ: ದಪ್ಪ ಗೋಡೆ, ಎರಡು ಪದರದ ಗೋಡೆಯ ನಡುವೆ ಗಾಳಿಯ ಸಂದು, ಸಂದಿಲ್ಲದಂತೆ ಕೂರುವ ಬಾಗಿಲು. ಬೇಸ್ ಗಿಟಾರಿನ, ದೊಡ್ಡ ಡ್ರಮ್ಮಿನ ತಗ್ಗು ಸ್ವರಗಳು ತೆಳು ತಗಡನ್ನು ಲೆಕ್ಕಕ್ಕೇ ಇಡುವುದಿಲ್ಲ.

ಇನ್ನೊಂದು ಸಂಗತಿ ನನಗೆ ಬಹಳ ಪ್ರಿಯವಾದದ್ದು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಟ್ರಾನ್ಸ್‌ಫಾರ್ಮರ್ ಗುಂಯ್ ಎನ್ನುವುದು ಅದರ ಎರಡರಷ್ಟು, 100 ಆವರ್ತದಲ್ಲಿ. ಹಾರ್ಮೋನಿಯಂ ಮೇಷ್ಟ್ರ ಭಾಷೆಯಲ್ಲಿ ಹೇಳುವುದಾದರೆ ಅದು ಕೆಳಗಿನ ಸ್ಥಾಯಿಯ ‘ಬಿಳಿ ಐದ’ಕ್ಕಿಂತ ಕೂದಲೆಳೆಯಷ್ಟು ಮೇಲೆ. ಇಡೀ ಕೈಗಾರಿಕಾ ಪ್ರದೇಶ ಹಗಲಿರುಳು ಒಂದೇ ಶ್ರುತಿ ಹಿಡಿದು ಕೂತಿರುತ್ತದೆ. ಅಲ್ಲಿ ತಾಲೀಮು ಮಾಡುವವರ ಕಿವಿಯಲ್ಲಿ ಆ ಶ್ರುತಿ ಯಾವತ್ತೂ ಇರುತ್ತದೆ, ಅವರು ಗಮನಿಸಿದರೂ ಗಮನಿಸದಿದ್ದರೂ.

ಕಾರ್ಖಾನೆಗೂ ಸಂಗೀತಕ್ಕೂ ಇರುವ ನಂಟು ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಟೋನಿ ಅಯೋಮಿ ಎಂಬ ಹದಿನೇಳರ ಹುಡುಗ ತಗಡು ಕಾರ್ಖಾನೆಯ ಕೆಲಸದ ಕೊನೆಯ ದಿನ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡ. ಎಡಗೈಯಲ್ಲಿ ತಂತಿ ಮೀಟುವವನಾದ್ದರಿಂದ ತಂತಿ ಒತ್ತುವ ಬೆರಳುಗಳೇ ಹೋದವು. ಆಗ ಅವನ ಫೋರ್‌ಮನ್ ಜಾಂಗೋ ರೈನ್‌ಹಾರ್ಟ್‌ನ ರೆಕಾರ್ಡು ತಂದು ಕೇಳಿಸಿದನಂತೆ. ಬೆಂಕಿ ಅನಾಹುತದಲ್ಲಿ ಕೈಬೆರಳು ಊನವಾಗಿಯೂ ಗಿಟಾರಿನಲ್ಲಿ ಹೆಸರಾದವನು ಜಾಂಗೋ. ಅಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ನೋವು ತಗ್ಗಲೆಂದು ತಂತಿಗಳನ್ನು ಸಡಿಲಿಸಿದ. ಸಡಿಲ ತಂತಿಯಿಂದ ತಗ್ಗಿನ, ಭಾರದ ನಾದ ಬಂತು. 1970ರಲ್ಲಿ ಬಂದ, ಅವನ ತಂಡ ‘ಬ್ಲ್ಯಾಕ್ ಸಬ್ಬತ್’ನ ಮೊದಲ ಆಲ್ಬಮ್ಮಿನಿಂದ ಹೆವಿ ಮೆಟಲ್ ಎಂಬ ಸಂಗೀತದ ಲೆಕ್ಕ ಶುರುವಾಗುತ್ತದೆ. ಮುಂದೆ ಬರ್ಲಿನ್ನಿನಲ್ಲಿ ಗೋಡೆ ಬಿದ್ದ ಮೇಲೆ ಹಳೆಯ ತಿಜೋರಿ ನೆಲಮಾಳಿಗೆಯಲ್ಲಿ 1991ರಲ್ಲಿ ‘ಟ್ರೆಸೋರ್’ ಎಂಬ ಸಂಗೀತದ ಕ್ಲಬ್ಬು ತೆರೆಯಿತು. ಪಾಳುಬಿದ್ದ ವಿದ್ಯುತ್ ಸ್ಥಾವರವೊಂದು ಕುಣಿತದ ಕ್ಲಬ್ಬಾಯಿತು.

ಬರ್ಮಿಂಗ್‌ಹ್ಯಾಮಿನ ಆ ಮೆಟಲ್ಲನ್ನು ಬೆಂಗಳೂರಿನ ಹುಡುಗರು ತಮ್ಮದನ್ನಾಗಿ ಮಾಡಿಕೊಂಡರು. 1998ರಲ್ಲಿ ಇಲ್ಲಿ ಕಟ್ಟಿದ ‘ಕ್ರಿಪ್ಟೋಸ್’ ತಂಡ 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿತು. 2007ರ ಮಾರ್ಚ್ 17ರಂದು ಅರಮನೆ ಮೈದಾನಕ್ಕೆ ‘ಐರನ್ ಮೇಡನ್’ ಬಂದಾಗ, 2011ರ ಅಕ್ಟೋಬರ್‌ನಲ್ಲಿ ‘ಮೆಟಾಲಿಕಾ’ ಬಂದಾಗ ನಮ್ಮ ಕಡೆಯಿಂದಲೂ ಹುಡುಗರು ಹೋಗಿದ್ದರು. ಆದರೆ ಅರಮನೆ ಮೈದಾನ ದೊಡ್ಡವರ ಒಂದು ದಿನದ ಜಾಗ. ಹೊಸ ತಂಡಕ್ಕೆ ಬೇಕಾದ್ದು ನೂರು ಇನ್ನೂರು ಜನ ಹಿಡಿಸುವ, ತಿಂಗಳಿಗೊಮ್ಮೆಯಾದರೂ ಸಿಗುವ, ತಪ್ಪು ನುಡಿಸಿದರೆ ಮತ್ತೆ ಕರೆಯುವ ಜಾಗ. 2010ರ ದಶಕದ ಮೊದಲ ವರ್ಷಗಳಲ್ಲಿ ಅಂಥದ್ದೊಂದು ಮಹದೇವಪುರದ ದ್ಯಾವಸಂದ್ರ ಕೈಗಾರಿಕಾ ಪ್ರದೇಶದಲ್ಲಿತ್ತು. ಹೆಸರು ‘ಕೌಂಟರ್ ಕಲ್ಚರ್’. ಸುತ್ತ ಕಾರ್ಖಾನೆಗಳು, ನಡುವೆ ವೇದಿಕೆ. ರಾಕ್, ಮೆಟಲ್, ಬ್ಲೂಸ್ ತಂಡಗಳು ಅಲ್ಲಿ ನುಡಿಸಿದವು. ಕೆಲವೇ ವರ್ಷ ನಡೆದು ಅದು ಮುಚ್ಚಿತು.

ಊರ ನಡುವಿನ ಜಾಗಗಳ ಕಥೆ ಇನ್ನೂ ಕಷ್ಟದ್ದು. ಬೆಂಗಳೂರಿನಲ್ಲಿ ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೊತೆಕ್‌ಗಳಿಗೆ ಪೊಲೀಸ್ ಪರವಾನಗಿ ಕಡ್ಡಾಯ ಮಾಡಿದ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿಯಿತು. ಅದೇ ವರ್ಷ ಪೊಲೀಸರು ಬಿಗಿ ಮಾಡಿದಾಗ ಇಂದಿರಾನಗರದ ಕಡೆ ಹಲವು ಹೋಟೆಲುಗಳಲ್ಲಿ ಹಾಡು ನಿಂತಿತು. 2013ರಲ್ಲಿ ಶುರುವಾಗಿ ನೂರಾರು ತಂಡಗಳಿಗೆ ವೇದಿಕೆಯಾಗಿದ್ದ ‘ಹಮ್ಮಿಂಗ್ ಟ್ರೀ’ 2019ರಲ್ಲಿ ಬಾಗಿಲು ಹಾಕಿತು. ಇಂದಿರಾನಗರದ ನಿವಾಸಿಗಳ ಮೇಲೆ ನನಗೆ ಸಿಟ್ಟಿಲ್ಲ. ಮಲಗುವ ಕೋಣೆಯ ಕಿಟಕಿಗೆ ರಾತ್ರಿ ಹನ್ನೊಂದಕ್ಕೆ ಬೇಸ್ ಸ್ವರ ಬಡಿಯುತ್ತಿದ್ದರೆ ಯಾರಿಗೆ ತಾನೇ ಸಂಗೀತದ ಮೇಲೆ ಪ್ರೀತಿ ಉಳಿದೀತು? ತಪ್ಪು ಆಗಿರುವುದು ನಕ್ಷೆಯಲ್ಲಿ. ಜೋರು ಸಂಗೀತವನ್ನು ಜನ ಮಲಗುವ ಬೀದಿಗೆ ತಂದು, ಜನ ಮಲಗದ ಬೀದಿಯಲ್ಲಿ ಅದಕ್ಕೆ ಬಾಗಿಲೇ ಇಡದೆ, ಆಮೇಲೆ ಇಬ್ಬರನ್ನೂ ಠಾಣೆಗೆ ಕಳಿಸಿದ್ದೇವೆ.

ದ್ಯಾವಸಂದ್ರದಿಂದ ಕೆ.ಆರ್. ಪುರ ರೈಲು ನಿಲ್ದಾಣ ದಾಟಿ ಹಳೆ ಮದ್ರಾಸ್ ರಸ್ತೆಗೆ ಬಂದರೆ ದೂರವಾಣಿನಗರ. ಅಲ್ಲಿ 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ (ಐಟಿಐ) ಶುರುವಾಯಿತು. ದೇಶದ ಮನೆಮನೆಯ ಕಪ್ಪು ಫೋನು ಅಲ್ಲಿಂದ ಹೊರಟಿದ್ದು. ಆ ಕಾರ್ಖಾನೆಯಲ್ಲಿ 27 ವರ್ಷ ಅಧಿಕಾರಿಯಾಗಿ ಕೆಲಸ ಮಾಡಿ 1992ರಲ್ಲಿ ನಿವೃತ್ತರಾದವರು ಚನ್ನರಾಯಪಟ್ಟಣದಲ್ಲಿ 1939ರ ಡಿಸೆಂಬರ್ 29ರಂದು ಹುಟ್ಟಿದ ಸಿ. ಅಶ್ವಥ್.

ಅಶ್ವಥ್ ಅವರನ್ನು ನಾವು ಭಾವಗೀತೆಯ ಗಾಯಕರೆಂದು ನೆನೆಯುತ್ತೇವೆ. ಅವರು ಐಟಿಐ ನೌಕರರಾಗಿದ್ದರೆಂಬುದನ್ನು ಜೀವನಚರಿತ್ರೆಯ ಒಂದು ಸಾಲಾಗಿ ಓದಿ ಮುಂದೆ ಹೋಗುತ್ತೇವೆ. ಅಲ್ಲಿ ನಿಲ್ಲಬೇಕು ಎಂಬುದು ನನ್ನ ಅನಿಸಿಕೆ. ದೇವಗಿರಿ ಶಂಕರರಾವ್ ಜೋಷಿ ಅವರಲ್ಲಿ ಹಿಂದೂಸ್ತಾನಿ ಕಲಿತದ್ದು, ಹವ್ಯಾಸಿ ರಂಗಭೂಮಿಗೆ ಸಂಗೀತ ಕೊಟ್ಟದ್ದು, ಮಾಸ್ತಿಯವರ ನಾಟಕದಿಂದ ಸಿ.ಆರ್. ಸಿಂಹ ಮಾಡಿದ ‘ಕಾಕನಕೋಟೆ’ ಚಿತ್ರದ ಮೂಲಕ ಸಿನಿಮಾಕ್ಕೆ ಬಂದದ್ದು, ಎಲ್. ವೈದ್ಯನಾಥನ್ ಜೊತೆ ‘ಅಶ್ವಥ್–ವೈದಿ’ ಎಂಬ ಜೋಡಿಯಾದದ್ದು, ಶಿಶುನಾಳ ಶರೀಫರ ಹಾಡುಗಳನ್ನು ಮನೆಮನೆಗೆ ಮುಟ್ಟಿಸಿದ್ದು, 1990ರ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೆ ಸಂಗೀತ ಕೊಟ್ಟದ್ದು ಎಲ್ಲ ಸಂಬಳದ ಕೆಲಸದ ಜೊತೆಜೊತೆಗೆ. ‘ಚಿನ್ನಾರಿ ಮುತ್ತ’, ‘ನಾಗಮಂಡಲ’ ಬಂದದ್ದು ಮಾತ್ರ ನಿವೃತ್ತಿಯ ನಂತರ. ತಿಂಗಳ ಕೊನೆಗೆ ಖಾತ್ರಿಯಾಗಿ ಬರುವ ಸಂಬಳವೊಂದು ಇದ್ದುದರಿಂದಲೇ ಒಂದು ಕವಿತೆಗೆ ಒಪ್ಪುವ ಧಾಟಿ ಸಿಗುವವರೆಗೆ ಕಾಯುವ ಅವಕಾಶ ಅವರಿಗಿತ್ತು. ಮಾರುಕಟ್ಟೆ ಕೇಳದಿದ್ದ ಹಾಡನ್ನು ಮಾಡಲು ಬೇಕಾದ ಧೈರ್ಯದಲ್ಲಿ ಒಂದು ಪಾಲು ಕಾರ್ಖಾನೆಯ ಗೇಟಿನಿಂದ ಬಂದದ್ದು.

ಆ ದನಿಯನ್ನೂ ಒಮ್ಮೆ ಕೇಳಿ ನೋಡಿ. ಗಂಟಲನ್ನು ಪೂರ್ತಿ ತೆರೆದು, ಮೇಲಿನ ಸ್ವರದಲ್ಲಿ ನಿಂತು, ಪದವನ್ನು ಕೊನೆಯ ಸಾಲಿನಲ್ಲಿ ಕೂತವರಿಗೂ ಮುಟ್ಟಿಸುವ ಪರಿ ಅದು. ಅದರಲ್ಲಿ ನನಗೆ ಕೇಳಿಸುವುದು ನಾಟಕದ ಬಯಲು. 2005ರ ಏಪ್ರಿಲ್‌ನಲ್ಲಿ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ನಡೆದಾಗ ಕನ್ನಡ ಕವಿತೆ ಕೇಳಲು ಲಕ್ಷದಷ್ಟು ಜನ ಸೇರಿದರು. 2009ರ ಡಿಸೆಂಬರ್ 29ರಂದು, ತಮ್ಮ ಎಪ್ಪತ್ತನೇ ಹುಟ್ಟುಹಬ್ಬದ ದಿನವೇ ಅವರು ತೀರಿಕೊಂಡರು. ಬೆಂಗಳೂರಿನ ಎನ್.ಆರ್. ಕಾಲೊನಿಯಲ್ಲಿ ಅವರ ಹೆಸರಿನ ಕಲಾಭವನವಿದೆ.

ಸಾರ್ವಜನಿಕ ಉದ್ಯಮಗಳ ಕಾಲ ಸಂಗೀತಕ್ಕೆ ಕೊಟ್ಟದ್ದು ಸಂಬಳವನ್ನಷ್ಟೇ ಅಲ್ಲ. ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್, ಐಟಿಐ ಕಾಲೊನಿಗಳಲ್ಲಿ ಸಭಾಂಗಣವಿತ್ತು, ಕನ್ನಡ ಸಂಘವಿತ್ತು, ಗಣೇಶೋತ್ಸವದ ಪೆಂಡಾಲು ಇತ್ತು, ರಾಜ್ಯೋತ್ಸವವಿತ್ತು. ಹಾಡುವವನಿಗೆ ಕಾರ್ಖಾನೆಯೇ ವೇದಿಕೆ ಕೊಡುತ್ತಿತ್ತು. ಪೀಣ್ಯದ ಸಣ್ಣ ಶೆಡ್ಡು ಅದನ್ನು ಕೊಡಲಾರದು. ಹದಿನೈದು ಜನ ಕೆಲಸ ಮಾಡುವ ಘಟಕಕ್ಕೆ ಕಾಲೊನಿಯೂ ಇಲ್ಲ, ಸಂಘವೂ ಇಲ್ಲ. ಅಲ್ಲಿನವರಿಗೆ ವೇದಿಕೆ ಎಂದರೆ ನವೆಂಬರ್ ತಿಂಗಳು. ಆಟೊ ನಿಲ್ದಾಣದವರು, ಬೀದಿಯ ಗೆಳೆಯರ ಬಳಗದವರು ಇಡೀ ತಿಂಗಳು ರಾಜ್ಯೋತ್ಸವ ಮಾಡುತ್ತಾರೆ. ಕೀಬೋರ್ಡು, ರಿದಂ ಪ್ಯಾಡು ಹಿಡಿದ ಮೆಲೊಡಿ ಆರ್ಕೆಸ್ಟ್ರಾ ಬರುತ್ತದೆ. ಆರ್ಕೆಸ್ಟ್ರಾ ಗಾಯಕರನ್ನು ಸಾಹಿತ್ಯ–ಸಂಗೀತದ ದೊಡ್ಡ ಮಾತುಗಳ ನಡುವೆ ನಾವು ಎಣಿಸುವುದೇ ಇಲ್ಲ. ಒಂದು ರಾತ್ರಿಯಲ್ಲಿ ಐದಾರು ದಶಕದ ಹಾಡುಗಳನ್ನು ಶ್ರುತಿ ಬಿಡದೆ ಹಾಡುವ ಆ ಕಂಠಗಳಿಗೆ ಹೆಚ್ಚಿನ ಗೌರವ ಸಲ್ಲಬೇಕು.

ಜೋರು ಸಂಗೀತದ ಮಾತಾಯಿತು. ನಮ್ಮ ಜಿಲ್ಲೆಯಲ್ಲೇ ಮೆಲುದನಿಯ ಸಂಗೀತ ಊರನ್ನೇ ಕಟ್ಟಿದ ಉದಾಹರಣೆಯೂ ಉಂಟು. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಕಾವೇರಿ ದಂಡೆಯ ಸಣ್ಣ ಊರು. ಸಂಕೇತಿ ಮನೆತನಗಳ ಆ ಊರಿನ ಹೆಸರನ್ನು ತಮ್ಮ ಹೆಸರಿನ ಮೊದಲಕ್ಷರವಾಗಿ ಹೊತ್ತವರು ಕರ್ನಾಟಕ ಸಂಗೀತದಲ್ಲಿ ಎಷ್ಟು ಮಂದಿ! ಆರ್.ಕೆ. ಶ್ರೀಕಂಠನ್ 1920ರಲ್ಲಿ ಅಲ್ಲಿ ಹುಟ್ಟಿದರು. ಆಕಾಶವಾಣಿಯಲ್ಲಿ ದಶಕಗಳ ಕಾಲ ದುಡಿದರು, ‘ಗಾನವಿಹಾರ’ ಪಾಠಗಳ ಮೂಲಕ ರೇಡಿಯೊ ಇದ್ದ ಮನೆಗಳಿಗೆಲ್ಲ ಮೇಷ್ಟ್ರಾದರು, 1995ರಲ್ಲಿ ಸಂಗೀತ ಕಲಾನಿಧಿ, 2011ರಲ್ಲಿ ಪದ್ಮಭೂಷಣ ಪಡೆದರು. ಪಿಟೀಲಿನ ಆರ್.ಕೆ. ವೆಂಕಟರಾಮ ಶಾಸ್ತ್ರಿ, ರುದ್ರಪಟ್ಟಣಂ ಸಹೋದರರಾದ ತ್ಯಾಗರಾಜನ್ ಮತ್ತು ತಾರಾನಾಥನ್, ಆರ್.ಕೆ. ಪದ್ಮನಾಭ ಎಲ್ಲ ಆ ಊರಿನ ಹೆಸರಿನವರೇ. ಅವರೂ ಬಹುತೇಕ ಮೈಸೂರು, ಬೆಂಗಳೂರಿಗೆ ಹೋಗಿ ಬಾಳಿದವರು. ಆದರೆ ಪದ್ಮನಾಭ ಅವರು ತಿರುಗಿ ಬಂದು ಊರಿನಲ್ಲಿ ತಂಬೂರಿಯ ಆಕಾರದ ಸಪ್ತಸ್ವರ ದೇವತಾ ಧ್ಯಾನಮಂದಿರ ಕಟ್ಟಿದರು, ಸಂಗೀತೋತ್ಸವ ನಡೆಸಿದರು. ನಗರದ ವಿದ್ವಾಂಸರು ಹಳ್ಳಿಗೆ ಬಂದು ಹಾಡುವಂತಾಯಿತು.

ರುದ್ರಪಟ್ಟಣವನ್ನು ನೋಡಿದಾಗ ನನಗೆ ಹೊಳೆಯುವುದು ಭಕ್ತಿಗಿಂತ ಹೆಚ್ಚಾಗಿ ಕಟ್ಟಡದ ಸಂಗತಿ. ಒಂದು ಊರು ತನ್ನ ಸಂಗೀತಕ್ಕೆ ತಕ್ಕ ಮನೆಯನ್ನು ತಾನೇ ಕಟ್ಟಿಕೊಂಡಿದೆ. ತಂಬೂರಿಗೆ ಪಡಸಾಲೆ ಸಾಕು, ಹೊಳೆಯ ದಂಡೆ ಸಾಕು. ಡ್ರಮ್ ಸೆಟ್ಟು 100 ಡೆಸಿಬೆಲ್ ದಾಟುತ್ತದೆ, ಅದಕ್ಕೆ ಪಡಸಾಲೆ ಸಾಲದು. ಅದಕ್ಕೂ ನಮ್ಮ ಜಿಲ್ಲೆ ಒಂದು ಮನೆ ಕೊಡಬೇಕು. ಕೊಡಲು ಜಾಗವಿದೆ.

ಹಾಸನದ ಬಿ.ಎಂ. ರಸ್ತೆಯ ಕೈಗಾರಿಕಾ ಪ್ರದೇಶ ಹಾಲು ಒಕ್ಕೂಟದ ಡೇರಿಯಿಂದ ಜವಳಿ ಘಟಕಗಳವರೆಗೆ ಹರಡಿಕೊಂಡಿದೆ. ಊರಿನಲ್ಲಿ 1960ರಲ್ಲಿ ಶುರುವಾದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿದೆ, ವೈದ್ಯಕೀಯ ಕಾಲೇಜಿದೆ. ಕಾಲೇಜು ಇರುವಲ್ಲಿ ಬ್ಯಾಂಡ್ ಕಟ್ಟುವ ಹುಡುಗ ಹುಡುಗಿಯರು ಇದ್ದೇ ಇರುತ್ತಾರೆ. ಕಾಲೇಜಿನ ಫೆಸ್ಟ್ ಮುಗಿದ ಮೇಲೆ ಅವರು ನುಡಿಸುವುದೆಲ್ಲಿ? ಮನೆಯ ಟೆರೇಸಿನಲ್ಲಿ ಶುರುಮಾಡಿದರೆ ಪಕ್ಕದ ಮನೆಯ ಅಜ್ಜನಿಗೆ ಕಷ್ಟ. ಬೆಂಗಳೂರಿಗೆ ಹೋಗುವುದು ಈಗ ಸುಲಭ. 2017ರಲ್ಲಿ ಕುಣಿಗಲ್ ಮಾರ್ಗದ ರೈಲು ಬಂದ ಮೇಲೆ ಹಾಸನ, ಚನ್ನರಾಯಪಟ್ಟಣ, ಶ್ರವಣಬೆಳಗೊಳದ ಹುಡುಗರು ಗಿಟಾರು ಬೆನ್ನಿಗೆ ಹಾಕಿಕೊಂಡು ಯಶವಂತಪುರದಲ್ಲಿ ಇಳಿಯಬಹುದು. ಆದರೆ ಪ್ರತಿ ತಾಲೀಮಿಗೂ ರೈಲು ಹತ್ತುವ ಸಂಗೀತ ಬಹಳ ದಿನ ಉಳಿಯುವುದಿಲ್ಲ. ಡಿಗ್ರಿ ಮುಗಿದ ಕೂಡಲೇ ತಂಡ ಚದುರುತ್ತದೆ. ಗಿಟಾರು ಅಟ್ಟ ಸೇರುತ್ತದೆ.

ಬೀಗ ಬಿದ್ದ ಶೆಡ್ಡಿಲ್ಲದ ಕೈಗಾರಿಕಾ ವಸಾಹತು ಕರ್ನಾಟಕದಲ್ಲಿ ಅಪರೂಪ. ಅಡ್ಡಿಯಾಗಿರುವುದು ಕಾಗದ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ನಿವೇಶನವಾಗಲಿ, 1960ರಿಂದ ಸಣ್ಣ ಕೈಗಾರಿಕೆಗಳಿಗೆ ಶೆಡ್ಡು ಕಟ್ಟಿಕೊಡುತ್ತ ಬಂದ ಕೆಎಸ್‌ಎಸ್‌ಐಡಿಸಿಯ ಮಳಿಗೆಯಾಗಲಿ, ಯಾವ ಉದ್ದೇಶಕ್ಕೆ ಕೊಟ್ಟಿದ್ದಾರೋ ಅದಕ್ಕೇ ಬಳಸಬೇಕು. ಮಾಲೀಕರು ಒಳ್ಳೆಯ ಮನಸ್ಸಿನಿಂದ ರಾತ್ರಿ ಬಿಟ್ಟುಕೊಟ್ಟರೂ ಅದು ಬಾಯಿಮಾತಿನ ಏರ್ಪಾಡು. ಯಾರಾದರೂ ದೂರು ಕೊಟ್ಟರೆ ಅವರಿಗೇ ನೋಟಿಸು. ಹಾಗಾಗಿ ಎಲ್ಲವೂ ಗುಟ್ಟಾಗಿ ನಡೆಯಬೇಕಾಗುತ್ತದೆ.

ಗುಟ್ಟು ಅಪಾಯದ್ದು. 2016ರ ಡಿಸೆಂಬರ್‌ನಲ್ಲಿ ಅಮೆರಿಕದ ಓಕ್‌ಲ್ಯಾಂಡಿನಲ್ಲಿ ‘ಘೋಸ್ಟ್ ಶಿಪ್’ ಎಂಬ ಹಳೆಯ ಗೋದಾಮಿನಲ್ಲಿ ಅನುಮತಿಯಿಲ್ಲದೆ ನಡೆಯುತ್ತಿದ್ದ ಸಂಗೀತದ ರಾತ್ರಿ ಬೆಂಕಿ ಬಿದ್ದು 36 ಜನ ಸತ್ತರು. ಬ್ರೆಜಿಲ್ಲಿನ ‘ಕಿಸ್’ ಕ್ಲಬ್ಬಿನಲ್ಲಿ 2013ರಲ್ಲಿ ಚಾವಣಿಗೆ ಬಡಿದಿದ್ದ ಶಬ್ದ ಹೀರುವ ಫೋಮಿಗೆ ಪಟಾಕಿಯ ಕಿಡಿ ತಾಗಿ 242 ಜನ. ಹಳೆಯ ಗಿರಣಿಯ ಆವರಣವೇ ಹೋಟೆಲು ಪಬ್ಬುಗಳಾದ ಮುಂಬೈನ ಕಮಲಾ ಮಿಲ್ಸ್‌ನಲ್ಲಿ 2017ರ ಡಿಸೆಂಬರ್ 29ರ ನಡುರಾತ್ರಿ 14 ಜನ. ಜನ ಸೇರುವ ಯಾವ ಶೆಡ್ಡಿಗೂ ಹೊರಗೆ ತೆರೆಯುವ ಎರಡು ಬಾಗಿಲು ಬೇಕು, ದಾರಿಗೆ ಅಡ್ಡ ಸಾಮಾನಿರಬಾರದು, ಗೋಡೆಗೆ ಬೆಂಕಿ ಹಿಡಿಯುವ ಫೋಮ್ ಇರಬಾರದು, ವೈರಿಂಗ್ ಮತ್ತು ಅರ್ಥಿಂಗನ್ನು ಬಲ್ಲವರು ನೋಡಿರಬೇಕು. ಇದನ್ನೆಲ್ಲ ತಪಾಸಣೆ ಮಾಡಿಸಲು ಮಾಲೀಕರು ಮುಂದೆ ಬರಬೇಕಾದರೆ ಮೊದಲು ಆ ಬಳಕೆ ಕಾನೂನಿನ ಒಳಗಿರಬೇಕು. ಬಾಗಿಲು ಮುಚ್ಚಿಸುವುದಕ್ಕಿಂತ ಬಾಗಿಲು ಸರಿಮಾಡಿಸುವ ಅನುಮತಿ ಪತ್ರವೊಂದು ಜಿಲ್ಲಾಡಳಿತದ ಕಡೆಯಿಂದ ಬರಲಿ ಎಂದು ನಾನು ಬಲವಾಗಿ ಬಯಸುತ್ತೇನೆ.

ಕಿವಿಯ ಮಾತೂ ಇದೆ. ಕಾರ್ಖಾನೆಯಲ್ಲಿ ಎಂಟು ಗಂಟೆಯ ಪಾಳಿಗೆ ನಮ್ಮ ನಿಯಮ ಒಪ್ಪುವ ಶಬ್ದದ ಮಿತಿ 90 ಡೆಸಿಬೆಲ್. ಪವರ್ ಪ್ರೆಸ್ಸಿನ ಪಕ್ಕ ಹಗಲಿಡೀ ನಿಂತವರು ರಾತ್ರಿ ಆಂಪ್ಲಿಫೈಯರಿನ ಪಕ್ಕ ನಿಂತರೆ ಕಿವಿಗೆ ಬಿಡುವೆಲ್ಲಿ? ಇಯರ್ ಪ್ಲಗ್ ಹಾಕಿಕೊಂಡು ಡ್ರಮ್ ನುಡಿಸುವುದು ಅವಮಾನವಲ್ಲ ಎಂದು ಹುಡುಗರಿಗೆ ಹೇಳಿಕೊಡಬೇಕು.

ಇದಕ್ಕಿಂತ ದೊಡ್ಡ ಕೊರತೆ ಹೆಣ್ಣುಮಕ್ಕಳದು. ತಾಲೀಮಿನ ಜಮಖಾನವಿರಲಿ, ಮೆಟಲ್ ತಂಡದ ಜ್ಯಾಮ್ ರೂಮಿರಲಿ, ಪಾಳಿ ಮುಗಿದ ಮೇಲಿನ ಈ ಸಂಗೀತ ಹೆಚ್ಚುಕಡಿಮೆ ಗಂಡಸರದು. ಗಾರ್ಮೆಂಟ್ಸ್‌ನಲ್ಲಿ ದುಡಿಯುವವರಲ್ಲಿ ಹೆಂಗಸರೇ ಹೆಚ್ಚು. ಊರಲ್ಲಿದ್ದಾಗ ಸೋಬಾನೆ ಹಾಡಿದವರು, ಭಜನೆಗೆ ದನಿ ಕೊಟ್ಟವರು ಅವರಲ್ಲಿ ಎಷ್ಟೋ ಮಂದಿ. ಆರು ಗಂಟೆಗೆ ಲೈನಿನಿಂದ ಎದ್ದ ಮೇಲೆ ಅವರಿಗೆ ಕಾದಿರುವುದು ಎರಡನೇ ಪಾಳಿ, ಅಡುಗೆಮನೆಯದು. ಕುರುಕ್ಷೇತ್ರದ ದ್ರೌಪದಿಯಾಗಲು ಬೇರೆ ಊರಿನ ವೃತ್ತಿ ಕಲಾವಿದೆ ಬರುತ್ತಾರೆ. ಅದೇ ಬೀದಿಯ ಹೆಣ್ಣುಮಗಳು ವಠಾರದ ಬಾಗಿಲಲ್ಲಿ ನಿಂತು ಕೇಳುತ್ತಾಳೆ. ಸಂಗೀತದ ಶೆಡ್ಡು ಕಟ್ಟುವವರು ಭಾನುವಾರ ಮಧ್ಯಾಹ್ನದ ಹೊತ್ತನ್ನು ಹೆಣ್ಣುಮಕ್ಕಳಿಗೆಂದೇ ತೆಗೆದಿಡಬೇಕು, ಮಕ್ಕಳನ್ನು ಕೂರಿಸಲು ಒಂದು ಕೋಣೆ ಇಡಬೇಕು, ಶುಚಿಯಾದ ಶೌಚಾಲಯ ಇಡಬೇಕು, ಹಾಸನದ ಹೊಸ ಬಸ್ ನಿಲ್ದಾಣಕ್ಕೆ ಕೊನೆಯ ಸಿಟಿ ಬಸ್ಸಿನ ಹೊತ್ತು ನೋಡಿ ಕಾರ್ಯಕ್ರಮ ಮುಗಿಸಬೇಕು. ಹೊಳೆನರಸೀಪುರಕ್ಕೂ ಅರಕಲಗೂಡಿಗೂ ರಾತ್ರಿ ಬಸ್ಸು ತಪ್ಪಿದರೆ ಗಂಡುಹುಡುಗರು ನಿಲ್ದಾಣದಲ್ಲಿ ಮಲಗಿ ಬೆಳಗು ಮಾಡಿಯಾರು, ಹುಡುಗಿಯರಿಗೆ ಆ ದಾರಿ ಇಲ್ಲ.

ಹೀಗೊಂದು ಶೆಡ್ಡು ಬಿ.ಎಂ. ರಸ್ತೆಯಲ್ಲಿ ತೆರೆದರೆ ಮೊದಲ ರಾತ್ರಿಯ ಕಾರ್ಯಕ್ರಮ ಏನಿರಬೇಕೆಂದು ನಾನು ಆಗಲೇ ಯೋಚಿಸಿಟ್ಟಿದ್ದೇನೆ. ಸಂಜೆ ಆರಕ್ಕೆ ಗಾರ್ಮೆಂಟ್ಸಿನ ಹೆಣ್ಣುಮಕ್ಕಳ ಸೋಬಾನೆ. ಏಳಕ್ಕೆ ಕುರುಕ್ಷೇತ್ರದ ಸಂಧಾನದ ದೃಶ್ಯ, ಇಬ್ಬರು ಕೃಷ್ಣರೂ ಇರಲಿ, ಅವರವರ ವಂತಿಗೆ ಅವರಿಗೆ ಸಾರ್ಥಕವಾಗಲಿ. ಎಂಟೂವರೆಗೆ ಇಂಜಿನಿಯರಿಂಗ್ ಕಾಲೇಜಿನವರ ಬ್ಯಾಂಡು, ಅವರು ಬರೆದ ಕನ್ನಡ ಹಾಡುಗಳು. ಹಾರ್ಮೋನಿಯಂ ಮೇಷ್ಟ್ರನ್ನು ಮುಂದಿನ ಸಾಲಿನಲ್ಲೇ ಕೂರಿಸಬೇಕು. ಗಿಟಾರಿನವರು ಶ್ರುತಿ ಮಾಡಿಕೊಳ್ಳುವಾಗ ಅವರು ಸುಮ್ಮನಿರಲಾರರು.